ಹನ್ನೊಂದು ವರ್ಷದ ಹಿಸ್ಟರಿ

“ನನ್ನ ಹನ್ನೊಂದು ವರ್ಷ ಎಲ್ಲಿ ಹೋಯ್ತು ಮೇಡಂ?”

ತಲೆ ಎತ್ತಿದಳು. ಎದುರಿಗೆ ಮೇಷ್ಟ್ರು. ಪಾಠ ಹೇಳುವವನೇನಲ್ಲ, ಕಂಡವರ ಕೋಡ್ ತಿದ್ದುವ ಚಾಳಿಗೆ ಆಫೀಸಿನವರು ಇಟ್ಟ ಹೆಸರು.

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ರೋಗಿಗಳಿಗೊಂದು, ಡಾಕ್ಟರುಗಳಿಗೊಂದು, ಲ್ಯಾಬಿಗೊಂದು ಆ್ಯಪ್. ಮೂರಕ್ಕೂ ಬೇರೆ ಬೇರೆ ರೆಪೋ, ಅಂದರೆ ಕೋಡ್ ಕೂಡಿಡುವ ಉಗ್ರಾಣ. ಒಂದರಲ್ಲಿ ತಿದ್ದಿದ ತಪ್ಪು ಉಳಿದೆರಡರಲ್ಲಿ ಹಾಗೇ ಕೂತಿರುತ್ತಿತ್ತು. ಮೂರನ್ನೂ ಒಂದೇ ರೆಪೋದೊಳಗೆ ತರುವ ಕೆಲಸ ಅವಳ ಹೆಗಲಿಗೆ ಬಿದ್ದಿತ್ತು. ಮನೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಅಮ್ಮನ ಆರೈಕೆಯೂ ಅದೇ ಹೆಗಲ ಮೇಲಿತ್ತು.

“ನೀವು ಹನ್ನೊಂದು ವರ್ಷ ಬರೆದ ಕೋಡ್ ಭದ್ರವಾಗಿದೆ ಸಾರ್. ಹಿಸ್ಟರಿ ಮಾತ್ರ ತಂದಿಲ್ಲ. ಮ್ಯಾನೇಜರ್ ಬೇಡ ಅಂದ್ರು.”

“ಯಾವ ಸಾಲನ್ನ ಯಾರು, ಯಾಕೆ ಬರೆದ್ರು ಅಂತ ಇರೋದೇ ಅದ್ರಲ್ಲಿ! ನಾಳೆ ಒಬ್ಬರ ರಿಪೋರ್ಟ್ ಇನ್ನೊಬ್ಬರಿಗೆ ಹೋದ್ರೆ ಯಾರನ್ನ ಕೇಳ್ತೀರಾ?”

“ಅದನ್ನೂ ತರೋಕೆ ಎರಡು ವಾರ ಬೇಕು. ನನ್ನ ಹತ್ರ ಎರಡು ಗಂಟೆನೂ ಇಲ್ಲ.”

ಅವನು ಅವಳ ಕೆಂಪಾದ ಕಣ್ಣು ನೋಡಿದ. ಕೋಪ ಎಲ್ಲಿ ಇಳಿಯಿತೋ, ಪಕ್ಕದ ಕುರ್ಚಿ ಎಳೆದುಕೊಂಡ.

“ಸ್ವಲ್ಪ ಆ ಕಡೆ ಜರುಗಿ. ಇಬ್ಬರೂ ಹೊರೋಣ.”

ಮ್ಯಾನೇಜರನ್ನು ಕಾಡಿ ಬೇಡಿ ಹತ್ತು ದಿನ ಪಡೆದವನೂ ಅವನೇ. ಒಂದೇ ಹೆಸರಿನ ಫೈಲುಗಳು ಜಗಳಕ್ಕೆ ಬಿದ್ದಾಗ ಬಿಡಿಸುವುದು, ಕೋಡ್ ಬದಲಿಸಿದಾಗಲೆಲ್ಲ ಬರೆದವರು ಜೊತೆಗಿಟ್ಟ ಹಳೆಯ ಟಿಪ್ಪಣಿಗಳನ್ನು ಓದಿ ಜೋಡಿಸುವುದು, ದಿನವೂ ಇದೇ.

“ನಿಮ್ಮ ಟಿಪ್ಪಣಿ ನೋಡಿ,” ಎಂದ ಒಂದು ಮಧ್ಯಾಹ್ನ. “‘ಸರಿಮಾಡಿದೆ.’ ‘ಮತ್ತೆ ಸರಿಮಾಡಿದೆ.’ ‘ದೇವರಾಣೆ ಇದೇ ಕೊನೆ.’ ಅದಾದ್ಮೇಲೂ ಏಳು ಸಲ ಇದೆ!”

ಅವಳಿಗೆ ನಗು ಉಕ್ಕಿತು. ಎಷ್ಟು ದಿನವಾಗಿತ್ತೋ ನಕ್ಕು. ಅವನು ಪರದೆ ಬಿಟ್ಟು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಕನ್ನಡಕ ಒರೆಸಿಕೊಂಡ.

ಮರುದಿನ ಅವನದೊಂದು ಟಿಪ್ಪಣಿ ಅವಳ ಕಣ್ಣಿಗೆ ಬಿತ್ತು. ಆರು ವರ್ಷ ಹಳೆಯದು. ‘ಎರಡು ದಿನದಿಂದ ಅಪ್ಪನ ಹಾಸಿಗೆ ಪಕ್ಕ ಕೂತಿದ್ದೀನಿ. ಕಣ್ಣು ಮಂಜಾಗಿದೆ. ತಪ್ಪಿದ್ದರೆ ತಿದ್ದಿ, ಬೈಯಬೇಡಿ.’

“ಅಪ್ಪ?” ಎಂದು ಮೆಲ್ಲಗೆ ಕೇಳಿದಳು.

“ಉಳೀಲಿಲ್ಲ.” ಪರದೆಯತ್ತ ತಿರುಗಿ, “ಕೋಡ್‌ನಲ್ಲಿ ತಪ್ಪಿರ್ಲಿಲ್ಲ.”

ಅವಳ ಕೈ ಮೌಸ್ ಬಿಟ್ಟು ಅವನ ಕೈಯ ಪಕ್ಕಕ್ಕೆ ಬಂತು. ತಾಗಲಿಲ್ಲ. ದೂರವೂ ಸರಿಯಲಿಲ್ಲ.

ಹತ್ತನೇ ದಿನ ಮೂರೂ ಒಂದಾದವು. ಒಂದು ಟಿಪ್ಪಣಿಯೂ ಕಳೆಯಲಿಲ್ಲ. ಚಪ್ಪಾಳೆ ತಟ್ಟಿ ಎಲ್ಲರೂ ಹೊರಟರು. ಏಳುವ ಶಕ್ತಿಯಿಲ್ಲದೆ ಇಬ್ಬರು ಉಳಿದರು.

“ಸೋಮವಾರದಿಂದ ನನ್ನ ಬೇರೆ ಟೀಮಿಗೆ ಹಾಕಿದಾರೆ,” ಎಂದ. “ಅಷ್ಟರೊಳಗೆ ಹೇಳ್ಬೇಕು. ನೀವಂದ್ರೆ ನಂಗಿಷ್ಟ.”

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. “ನಂಗೂ ಇಷ್ಟಾನೇ. ಆದ್ರೆ ಸುಸ್ತಾಗಿದೀನಿ ಕಣ್ರೀ. ಪ್ರೀತಿ ಮಾಡೋಕೂ ತ್ರಾಣ ಬೇಕಲ್ವಾ?”

“ತ್ರಾಣ ಬಂದಾಗ ಮಾಡಿ. ಅಲ್ಲೀವರೆಗೂ ಪಕ್ಕದಲ್ಲಿ ಕೂತಿರ್ತೀನಿ.”

ಸಂಜೆಯ ಬಸ್ಸಿನಲ್ಲಿ ನಿಜಕ್ಕೂ ಪಕ್ಕದಲ್ಲೇ ಕೂತ. ಎರಡು ತಿರುವು ಕಳೆಯುವಷ್ಟರಲ್ಲಿ ಅವಳ ತಲೆ ಅವನ ಭುಜಕ್ಕೆ ವಾಲಿತ್ತು. ಕಣ್ಣು ಬಿಟ್ಟಾಗ ಅವಳ ಸ್ಟಾಪ್ ದಾಟಿ ಮೂರು ಸ್ಟಾಪ್ ಆಗಿತ್ತು.

“ಅಯ್ಯೋ, ಎಬ್ಬಿಸೋದಲ್ವೇನ್ರೀ!”

“ಮನಸ್ಸು ಬರ್ಲಿಲ್ಲ.”

ಇಳಿದರು. ಹಿಂದಕ್ಕೆ ಅರ್ಧ ಗಂಟೆಯ ನಡಿಗೆ. ಅವಳು ಬ್ಯಾಗನ್ನು ಅವನ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ಹೋದಳು. ಅವನು ಇನ್ನೂ ಅಲ್ಲೇ ನಿಂತಿದ್ದ. ತಿರುಗಿ ನೋಡಿ, ‘ಬನ್ನಿ’ ಎನ್ನಲು ಬಾಯಿ ತೆರೆದಳು.

“ಬಾರೋ,” ಎಂದಳು. “ಅಮ್ಮ ಕಾಯ್ತಿರ್ತಾಳೆ.”