ಐದರೊಳಗೆ ಕೊಲ್ಲಬೇಕಾದ ಸಹಿ

ಸುಮೋದ ಬಂಪರ್ ನನ್ನ ಸ್ಕೂಟರಿನ ಸ್ಟೆಪ್ನಿಗೆ ತಾಗಿತು.

ಒಂದಲ್ಲ, ಎರಡು ಸಲ.

ಎಡಕ್ಕೆ ನವಿಲುತೀರ್ಥದ ಕಾಲುವೆ. ಮುಂದೆ ಕಬ್ಬಿನ ಲಾರಿ. ಹಿಂದೆ ಕೂತ ಉಮಾಶ್ರೀ ಮೇಡಂ ಒಂದು ಕೈಯಲ್ಲಿ ನನ್ನ ಅಂಗಿ ಹಿಡಿದಿದ್ದರು. ಇನ್ನೊಂದು ಕೈ ಸೆರಗಿನೊಳಗಿನ ಫ್ಲಾಪಿಯ ಮೇಲೆ.

“ಬೀಳತೀವೇನ್ರಿ?”

“ಬಿದ್ರ ಫ್ಲಾಪಿ ಮ್ಯಾಲೆ ಹಿಡೀರಿ.”

ಲಾರಿಗೂ ಕಾಲುವೆಯ ಕಟ್ಟೆಗೂ ನಡುವೆ ಮೂರಡಿ ಜಾಗ. ಸ್ಕೂಟರ್ ತೂರಿಸಿದೆ. ಸುಮೋ ತೂರಲಿಲ್ಲ. ಹತ್ತು ನಿಮಿಷ ಸಿಕ್ಕಿತು... ಅಷ್ಟೇ.

ನಾನು ಅಮೋಘಸಿದ್ದಪ್ಪ. ಬೈಲಹೊಂಗಲದಲ್ಲಿ ಬೋರ್ಡಿಲ್ಲದ ಪತ್ತೇದಾರ. ಅದಕ್ಕೂ ಮೊದಲು ಹನ್ನೊಂದು ವರ್ಷ ಪೊಲೀಸ್ ವೈರ್‌ಲೆಸ್ಸಿನಲ್ಲಿದ್ದೆ. ನಾನು ಹೇಳುತ್ತಿರುವುದು 2003ರ ಡಿಸೆಂಬರ್ ಮಾತು.

ಆ ಮಧ್ಯಾಹ್ನ ಮನೋಳಿಯ ಎಸ್‌ಟಿಡಿ ಬೂತಿನಿಂದ ಫೋನ್ ಬಂತು. ಉಮಾಶ್ರೀ ಮೇಡಂ. ಕಾಲೇಜಿನಲ್ಲಿ ನನ್ನ ತಂಗಿಗೆ ಗಣಿತ ಕಲಿಸಿದವರು. ಮನೆಯೆದುರು ಬಿಳಿ ಸುಮೋ ನಿಂತಿದೆ, ಸಂಜೆ ಐದರವರೆಗೆ ಹೊಸ್ತಿಲು ದಾಟಿದರೆ ಕಾಲು ಮುರಿಯುತ್ತಾರಂತೆ, ಹಿತ್ತಲಿನಿಂದ ತಪ್ಪಿಸಿಕೊಂಡು ಬಂದಿದ್ದೇನೆ ಎಂದರು. ಹೋದೆ. ಬೂತಿನ ಹಿಂದಿನ ಖೋಲಿಯಲ್ಲಿ ಕೂತು ಎಲ್ಲ ಹೇಳಿದರು.

ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮ್. ಯಾರೊಬ್ಬರ ಸ್ವತ್ತೂ ಅಲ್ಲ. ಪುಕ್ಕಟೆ. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಆದರೆ ಪಾಸ್‌ವರ್ಡ್ ಪರೀಕ್ಷಿಸುವ ಭಾಗಕ್ಕೆ ಮೇಡಂ ಕಾವಲು. ಬಂದ ಪ್ರತಿ ಸಾಲನ್ನೂ ಓದಿ ಅವರು ಡಿಜಿಟಲ್ ಸಹಿ ಹಾಕಿದರಷ್ಟೇ ಒಳಗೆ ಪ್ರವೇಶ. ಒಂಬತ್ತು ವರ್ಷದ ಕೆಲಸ. ಸಂಬಳವಿಲ್ಲ.

ಹಿಂದಿನ ದಿನ ಅವರು ಕಾಲೇಜಿಗೆ ಹೋದಾಗ ಯಾರೋ ಮನೆಗೆ ನುಗ್ಗಿ ಕಂಪ್ಯೂಟರಿನಲ್ಲಿದ್ದ ಆ ಸಹಿಯನ್ನೇ ಕದ್ದಿದ್ದರು. ಅದೇ ಸಹಿ ಹಾಕಿ ಒಂದು ತಿದ್ದುಪಡಿ ಸೇರಿಸಿದ್ದರು. ಒಂದೇ ಅಕ್ಷರದ ವ್ಯತ್ಯಾಸ. ಗುಟ್ಟು ಬಲ್ಲವನು ಪಾಸ್‌ವರ್ಡ್ ಇಲ್ಲದೆ ಯಾವ ಕಂಪ್ಯೂಟರಿಗಾದರೂ ಯಜಮಾನನಾಗಬಹುದಿತ್ತು. ಬೆಳಿಗ್ಗೆ ಇಳಿಸಿಕೊಂಡ ಕೋಡ್ ಓದುವಾಗ ಅದು ಮೇಡಂ ಕಣ್ಣಿಗೆ ಬಿತ್ತು. ಮೇಲ್ ಕಳಿಸಲು ಹೋದರೆ... ಫೋನಿನ ತಂತಿ ಕತ್ತರಿಸಿದ್ದರು.

ಐದಕ್ಕೆ ಹೊಸ ಆವೃತ್ತಿಯ ಬಿಡುಗಡೆ. ಆಮೇಲೆ ಆಸ್ಪತ್ರೆ, ಬ್ಯಾಂಕು, ರೈಲ್ವೆ, ಎಲ್ಲ ಕಡೆ ಅದೇ ಕೋಡ್. ಜೊತೆಗೆ ಕೆಲಸ ಮಾಡುವವರು ಬೇರೆ ಬೇರೆ ದೇಶದವರು. ಅವರ ಮುಖ ಗೊತ್ತಿಲ್ಲ, ಫೋನ್ ನಂಬರ್ ಗೊತ್ತಿಲ್ಲ. ಇದ್ದದ್ದು ಇಮೇಲ್ ಒಂದೇ. ಅದಕ್ಕೆ ಸವದತ್ತಿಯ ಸೈಬರ್ ಕೆಫೆಗೇ ಹೋಗಬೇಕು.

ಸಹಿ ಮಾಡಿಕೊಂಡ ದಿನವೇ ಅದನ್ನು ಕೊಲ್ಲುವ ಪತ್ರವನ್ನೂ ಮಾಡಿ ಇಟ್ಟುಕೊಳ್ಳುತ್ತಾರಂತೆ. ಅದು ಫ್ಲಾಪಿಯಲ್ಲಿತ್ತು. ಅದನ್ನು ಕಳಿಸಿದರೆ ಆ ಸಹಿಗೆ ಜಗತ್ತಿನಲ್ಲಿ ಎಲ್ಲೂ ಬೆಲೆಯಿಲ್ಲ.

ಒಂದಕ್ಷರಕ್ಕೆ ಇಷ್ಟೆಲ್ಲ ರಂಪವೇ ಎಂದು ಬೇರೆಯವರು ನಗಬಹುದು. ನಾನು ನಗಲಿಲ್ಲ. ವೈರ್‌ಲೆಸ್ ಲಾಗಿನಲ್ಲಿ ನಾನೊಮ್ಮೆ, ಮೇಲಿನವರು ಹೇಳಿದರೆಂದು, ಒಂದು ಅಂಕಿ ತಿದ್ದಿದ್ದೆ. ಕರೆ ಬಂದ ಹೊತ್ತು ಒಂದು ಇದ್ದದ್ದನ್ನು ನಾಲ್ಕು ಮಾಡಿದ್ದೆ. ಆ ಸುಳ್ಳು ದಾಖಲೆಯ ಮೇಲೆ ಶಟ್ಟೆಪ್ಪ ಎಂಬ ಹಮಾಲ ಆರು ವರ್ಷ ಜೈಲಿಗೆ ಹೋದ. ನಾನು ನೌಕರಿ ಬಿಟ್ಟೆ. ಅದರಿಂದ ಶಟ್ಟೆಪ್ಪನ ಒಂದು ದಿನವೂ ಕಡಿಮೆಯಾಗಲಿಲ್ಲ.

ಮನೋಳಿ ದಾಟುವಷ್ಟರಲ್ಲಿ ಬೆನ್ನು ಹತ್ತಿದ ಸುಮೋವನ್ನು ಕಾಲುವೆಯ ಬಳಿ ಹಿಂದೆ ಹಾಕಿ ಸವದತ್ತಿ ಮುಟ್ಟಿದಾಗ ನಾಲ್ಕೂ ಮೂವತ್ತೆಂಟು.

ಕೆಫೆ ನಡೆಸುವ ರಾಣಿಗೆ ಎಲ್ಲರನ್ನೂ ಹೊರಗೆ ಕಳಿಸಲು ಹೇಳಿದೆ. ಆಕೆ ನನ್ನ ಮುಖ ನೋಡಿ ಎಲ್ಲರನ್ನೂ ಎಬ್ಬಿಸಿದಳು. ಮೋಡೆಮ್ ಕಿರುಗುಡುತ್ತಿತ್ತು. ಒಮ್ಮೆ ಲೈನ್ ಕಟ್ಟಾಯಿತು. ಮತ್ತೆ ಡಯಲ್.

ಹೊರಗೆ ಸುಮೋ ನಿಂತ ಸದ್ದು.

ಶಟರ್ ಎಳೆದೆ. ನೆಲಕ್ಕೆ ಒಂದು ಗೇಣು ಇರುವಾಗ ಹೊರಗಿನಿಂದ ಎರಡು ಜೊತೆ ಕೈಗಳು ಹಿಡಿದವು. ಅವರು ಮೇಲಕ್ಕೆ, ನಾನು ಕೆಳಕ್ಕೆ. ಮೂರನೆಯವನು ಬಗ್ಗಿ ಸಂದಿಯಿಂದ ಒಳಗೆ ನೋಡಿದ. ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ತನ್ನ ಹೆಸರು ಸುನೀಲ ಎಂದ.

ಮೇಡಂಗೆ ಆ ಹೆಸರು ಗೊತ್ತಿತ್ತು. ಒಂದು ವರ್ಷದಿಂದ ಒಳ್ಳೊಳ್ಳೆಯ ತಿದ್ದುಪಡಿ ಕಳಿಸುತ್ತಿದ್ದವನು. ತಪ್ಪಿದಲ್ಲಿ ಅವರೇ ಕಲಿಸಿದ್ದರು. ದೀಪಾವಳಿಗೆ ಊಟಕ್ಕೆ ಬಾ ಎಂದು ಮನೆಯ ವಿಳಾಸವನ್ನೂ ಬರೆದಿದ್ದರು.

“ಮೇಡಂ, ಅದನ್ನ ಕಳಿಸಿದರೆ ಸಾಯೋದು ನಿಮ್ಮ ಹೆಸರು. ಒಂಬತ್ತು ವರ್ಷ ಹೋಗುತ್ತೆ. ನಾಳೆಯಿಂದ ನಿಮ್ಮ ಒಂದು ಸಾಲನ್ನೂ ಯಾರೂ ನಂಬಲ್ಲ.”

ಕೀಬೋರ್ಡಿನ ಸದ್ದು ನಿಂತಿತು.

ತಿರುಗಿ ನೋಡಿದೆ. ಮೇಡಂ ಕೀಲಿಗಳಿಂದ ಕೈ ತೆಗೆದು ಪರದೆ ನೋಡುತ್ತಿದ್ದರು. ನಾನು ಏನಾದರೂ ಹೇಳಬಹುದಿತ್ತು. ಆದರೆ ಅದು ನನ್ನ ಹೆಸರಲ್ಲ.

“ನಂಬಬಾರದು, ಸುನೀಲ,” ಎಂದರು ಮೇಡಂ. “ಓದಿ ನೋಡಬೇಕು. ನಿನಗೂ ಅದನ್ನ ಕಲಿಸಿದ್ನಲ್ಲ.”

ಮತ್ತೆ ಟೈಪಿಂಗ್ ಶುರುವಾಯಿತು.

ಅವನು ತನ್ನವರಿಗೆ ಕಣ್ಸನ್ನೆ ಮಾಡಿದ. ಇಬ್ಬರೂ ಶಟರನ್ನು ಥಟ್ಟನೆ ಕೈಬಿಟ್ಟರು. ನನ್ನ ಎಡಗೈ ಅದರ ಕೆಳಗೆ ಸಿಕ್ಕಿತು. ಎರಡು ಬೆರಳು... ಮುರಿದ ಸದ್ದು ನನಗೇ ಕೇಳಿಸಿತು. ಮೊಣಕಾಲೂರಿ ಅದರ ಮೇಲೇ ಭಾರ ಬಿಟ್ಟೆ. ಕೈ ಒಳಗಿದ್ದರೇನು, ಹೊರಗಿದ್ದರೇನು, ಶಟರ್ ಏಳಬಾರದು. ರಾಣಿ ಓಡಿ ಬಂದು ಪಕ್ಕದಲ್ಲಿ ಕೂತು ಹಿಡಿಕೆಗೆ ಜೋತುಬಿದ್ದಳು.

ನಾಲ್ಕೂ ಐವತ್ತೆರಡಕ್ಕೆ ಮೇಡಂ ಒಂದೇ ಮಾತು ಹೇಳಿದರು.

“ಹೋತು.”

ಹೊರಗಿನವರು ಶಟರ್ ಬಿಟ್ಟು ಸರಿದರು. ಆಮೇಲೆ ಸುಮೋ ಹೊರಟ ಸದ್ದು. ನಂಬರ್ ಪ್ಲೇಟ್ ಖೋಟಾ ಎಂದು ಆಮೇಲೆ ತಿಳಿಯಿತು. ಸುನೀಲ ಎಂಬ ಹೆಸರೂ.

ಐದರೊಳಗೆ ಮೂರು ದೇಶಗಳಿಂದ ಉತ್ತರ ಬಂತು. ಬಿಡುಗಡೆ ನಿಂತಿತು. ಹೊಸ ಸಹಿ ಮಾಡಿಕೊಳ್ಳಿ, ಆದರೆ ಇನ್ನು ಮುಂದೆ ನಿಮ್ಮ ಪ್ರತಿ ಸಾಲನ್ನೂ ಇನ್ನಿಬ್ಬರು ಓದುತ್ತಾರೆ ಎಂದು ಬರೆದಿದ್ದರು. ಮೇಡಂ ಅದನ್ನು ಎರಡು ಸಲ ಓದಿದರು. ಕಣ್ಣೊರೆಸಿಕೊಂಡು, ಚಲೋ ಆತು ಎಂದರು. ಮರುದಿನ ಬೆಳಿಗ್ಗೆ ಅದೇ ಕೆಫೆಗೆ ಬಂದು, ಬಾಕಿ ಇದ್ದ ತಿದ್ದುಪಡಿಗಳನ್ನು ಮೊದಲ ಸಾಲಿನಿಂದ ಓದತೊಡಗಿದರು.

ನಾನು ಕೈಗೆ ಪಟ್ಟಿ ಕಟ್ಟಿಸಿಕೊಂಡು ಠಾಣೆಗೆ ಹೋದೆ. ದೂರು ಬರೆದುಕೊಂಡ ಹವಾಲ್ದಾರರು ಕಳುವಾದ ಮಾಲಿನ ಕಿಮ್ಮತ್ತು ಕೇಳಿದರು. ಅದನ್ನು ಎಲ್ಲರಿಗೂ ಪುಕ್ಕಟೆ ಕೊಡುತ್ತಾರೆ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಬೆರಳು ನೋಡಿದರು. ಪುಕ್ಕಟೆ ಮಾಲಿಗೆ ಯಾರಾದರೂ ಕೈ ಮುರಿಸಿಕೊಳ್ಳುತ್ತಾರೇನು ಎಂದರು.

“ಮಾಲು ಪುಕ್ಕಟೇರಿ,” ಎಂದೆ. “ಕಾಯೂದು ಅಲ್ಲ.”