ಮೈ ಹೇಳಿದ ಕಿಲೋಮೀಟರು

ಮೆಕ್ಯಾನಿಕ್ ಇನ್ನೂ ಉಸಿರಾಡುತ್ತಿದ್ದ. ಅವನ ಎದೆಯ ಮೇಲಿಂದ ಎತ್ತಿದ ಕೆಂಪು ಕಾರನ್ನು ಮೊದಲು ಶೋರೂಮಿಗೆ ತಳ್ಳಿಕೊಂಡು ಹೋಗಿ ಒರೆಸಿದರು. ಆಂಬುಲೆನ್ಸಿಗೆ ಫೋನ್ ಹೋದದ್ದು ಆಮೇಲೆ, ಹದಿನಾಲ್ಕು ನಿಮಿಷ ತಡವಾಗಿ. ಅವನು ದಾರಿಯಲ್ಲೇ ತೀರಿಕೊಂಡ.

ಸಬ್ ಇನ್‌ಸ್ಪೆಕ್ಟರ್ ಒಬ್ಬ ಕಾನ್‌ಸ್ಟೇಬಲ್ ಜೊತೆ ಬಂದಾಗ ಒಂಬತ್ತು ಗಂಟೆ. ಹಳೆಯ ಸೂಪರ್‌ಕಾರುಗಳನ್ನು ಕೊಂಡು, ತಿದ್ದಿ, ಮಾರುವ ಜಾಗ ಅದು. ಮುಂದೆ ಗಾಜಿನ ಶೋರೂಮು, ಮುಖ ಕಾಣುವಂಥ ನೆಲ, ತಂಪುಗಾಳಿ. ಹಿಂದೆ ತಗಡಿನ ವರ್ಕ್‌ಶಾಪು. ಅಲ್ಲಿ ಇದ್ದದ್ದು ಒಂದೇ ಫ್ಯಾನು, ಅದೂ ಕುಂಟುತ್ತಿತ್ತು. ನಡುವೆ ಒಂದು ಬಾಗಿಲು. ಕಾರುಗಳು ಅದನ್ನು ದಾಟುತ್ತಿದ್ದವು. ಕೆಲಸದವರು ದಾಟುವ ಹಾಗಿರಲಿಲ್ಲ.

"ಕೂತ್ಕೊಳ್ಳಿ ಮೇಡಂ," ಅಂದ ಧಣಿ.

ಅವಳು ಕೂರಲಿಲ್ಲ. ಬೂಟಿನೊಳಗೆ ಕಲ್ಲು ಸೇರಿದವಳ ಹಾಗೆ ಶೋರೂಮಿನ ಉದ್ದಕ್ಕೂ ಓಡಾಡಿದಳು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವನ ಮಗಳು ಅವಳು. ಕಾರಿನಡಿ ಸಿಕ್ಕಿ ಸತ್ತವನ ಸುದ್ದಿ ಕೇಳಿದಾಗಿನಿಂದ ಅಪ್ಪನ ಎಣ್ಣೆಗೈ ಕಣ್ಣಿಗೆ ಕಟ್ಟಿತ್ತು.

ಮಾತಾಡಿದವನು ಮ್ಯಾನೇಜರ್. ಧಣಿಯ ಹೆಂಡತಿಯ ತಮ್ಮ. ಬಿಳಿ ಶರ್ಟು, ಬಿಳಿ ಶೂ.

"ಏಳೂವರೆಗೆ ಆಗಿರೋದು. ಮುದುಕ ಜಾಕ್ ಹಾಕಿ ಕಾರಿನಡಿ ನುಗ್ಗಿದಾನೆ. ನೆಲ ತೊಳೆಯೋಳು ಬಕೆಟ್ ಗಾಡಿ ತಳ್ಕೊಂಡು ಬಂದಿದಾಳೆ. ಗಾಡಿ ಜಾಕಿನ ಹಿಡಿಗೆ ತಗುಲಿ ಹಿಡಿ ತಿರುಗಿ ಜಾಕ್ ಇಳಿದಿದೆ. ಕಾರು ಕೂತುಬಿಟ್ಟಿದೆ."

"ನೀವು ಕಣ್ಣಾರೆ ನೋಡಿದ್ರಾ?"

"ನಾನು ಬಂದಿದ್ದು ಕೂಗು ಕೇಳಿದ ಮೇಲೆ. ವರ್ಕ್‌ಶಾಪಿಗೆ ನಾನು ಕಾಲೇ ಇಡಲ್ಲ. ನೋಡಿ, ಶೂ."

ಧಣಿ ಮೇಜಿನ ಮೇಲೆ ಒಂದು ಹಾಳೆ ಸರಿಸಿದ. ಆಗಲೇ ಟೈಪಾಗಿತ್ತು. 'ನನ್ನ ಅಜಾಗರೂಕತೆಯಿಂದ' ಎಂದು ಶುರುವಾಗುತ್ತಿತ್ತು. ಕೆಳಗೆ ಸಹಿಯ ಜಾಗ ಖಾಲಿ.

"ಸಹಿ ಹಾಕು ಅಂದ್ರೆ ಹಾಕ್ತಿಲ್ಲ ಹಟಮಾರಿ. ನೀವೊಂದು ಮಾತು ಹೇಳಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆಯ ಕಬ್ಬಿಣವನ್ನು ಇವರು ಹೆಣ ತಣ್ಣಗಾಗುವ ಮುಂಚೆಯೇ ಕಾಯಿಸಿಟ್ಟಿದ್ದರು.

ಅವಳ ಫೋನು ನಡುಗಿತು. ಠಾಣೆಯ ಸಾಹೇಬರು. "ಆಕ್ಸಿಡೆಂಟು ತಾನೇ? ನಾಲ್ಕರೊಳಗೆ ಮುಗಿಸು. ಆ ಹೆಂಗಸನ್ನ ಕರ್ಕೊಂಡು ಬಂದುಬಿಡು."

* * *

ವರ್ಕ್‌ಶಾಪಿನಲ್ಲಿ ಮೂರು ಗೂಡುಗಳು, ಒಂದೊಂದು ಕಾರಿಗೆ ಒಂದೊಂದು. ಕಾರು ಬಿದ್ದದ್ದು ಮೂರನೆಯದರಲ್ಲಿ, ಎಲ್ಲಕ್ಕಿಂತ ಇಕ್ಕಟ್ಟಾದ ಗೂಡು. ಕಾರು ಒಳಗಿದ್ದರೆ ಡ್ರೈವರ್ ಕಡೆಯ ಬಾಗಿಲಿಗೂ ಗೋಡೆಗೂ ಒಂದು ಗೇಣು. ಅದಕ್ಕೆ ಹಿಂಬದಿಯಲ್ಲಿ ಬೇರೆ ಶಟರು, ಬೇರೆ ಬೀಗ.

ನೆಲದಲ್ಲಿ ರಕ್ತದ ಕಲೆ. ಪಕ್ಕದಲ್ಲಿ ಜಾಕು, ಹಿಡಿ ಸಮೇತ. ಅರ್ಧ ನೆಲ ತೊಳೆದಿತ್ತು. ತೊಳೆದ ಭಾಗದ ನಡುವೆ ಅಂಗೈಯಗಲ ಒಣ ಜಾಗ. ಅದರಲ್ಲಿ ಸೀಮೆಸುಣ್ಣದ ಎರಡು ಅಂಕಿ: ಮೇಲೆ 41, ಕೆಳಗೆ 6.

ನೆಲ ತೊಳೆಯುವವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಕೈಯಲ್ಲಿ ಬಟ್ಟೆ. ಹಿಂಡುತ್ತಿದ್ದಳು, ಬಿಡಿಸುತ್ತಿದ್ದಳು, ಮತ್ತೆ ಹಿಂಡುತ್ತಿದ್ದಳು. ಅದರಲ್ಲಿ ನೀರೇ ಇರಲಿಲ್ಲ.

"ನನ್ನ ಮಗಳ ಸ್ಕೂಲು ಮೂರೂವರೆಗೆ ಬಿಡತ್ತೆ," ಅಂದಳು. "ಅಷ್ಟೊತ್ತಿಗೆ ನನ್ನ ಬಿಡ್ತೀರಾ, ಇಲ್ಲ ಪಕ್ಕದ ಮನೆ ಅಕ್ಕಂಗೆ ಹೇಳ್ಕಳಿಸ್ಲಾ? ಈಗಲೇ ಹೇಳಿ."

ಸಬ್ ಇನ್‌ಸ್ಪೆಕ್ಟರ್ ನೋಟ್‌ಬುಕ್ ತೆಗೆದಳು.

"ನೀನೆಲ್ಲಿದ್ದೆ?"

"ಹಿತ್ತಲ ನಲ್ಲಿ ಹತ್ರ. ದಬ್ ಅಂತು. ಓಡಿ ಬಂದೆ. ಮಾವ ಕಾರಿನಡಿ." ಎಲ್ಲರೂ ಆ ಮುದುಕನನ್ನು ಮಾವ ಎನ್ನುತ್ತಿದ್ದರು. "ಎರಡು ಕೈಯಲ್ಲಿ ಎಳೆದೆ. ಕಾರು ಬಕೆಟ್ಟಾ, ಎತ್ತೋಕೆ?"

"ಆಧಾರಕ್ಕೆ ಸ್ಟ್ಯಾಂಡು ಇಟ್ಟಿರಲಿಲ್ವಾ? ಅಷ್ಟು ಹಳೇ ಕೆಲಸಗಾರ!"

"ಎಲ್ಲಿಂದ ಇಡ್ತಾನೆ? ಇದ್ದಿದ್ದು ಒಂದು ಜೊತೆ. ಶೋರೂಮಲ್ಲಿ ನೀಲಿ ಕಾರಿನ ಚಕ್ರ ಚೆಂದ ಕಾಣ್ಲಿ ಅಂತ ಎತ್ತಿ ನಿಲ್ಸಿದಾರಲ್ಲ, ಅದರಡಿ ಇವೆ ನೋಡಿ. ಇನ್ನೊಂದು ಜೊತೆ ಕೊಡಿ ಅಂತ ಮಾವ ಮೂರು ಸಲ ಕೇಳಿದ್ದ. ನಿನ್ನೇನೂ ನಾನೇ ಬೈದೆ. 'ಹಿಂಗೆ ನುಗ್ಗಬೇಡ, ಸಾಯ್ತೀಯ' ಅಂತ. 'ಒಂದು ನಂಬರು ಓದೋಕೆ ಅರ್ಧ ನಿಮಿಷ ಸಾಕು ಕಣೆ' ಅಂದ."

"ಯಾವ ನಂಬರು?"

"ಕಾರಿನ ಹೊಟ್ಟೆಯಡಿ ಕೊರೆದಿರ್ತಾರಂತಲ್ಲ, ಅದು. 'ಹೇಳಬೇಕಾದವರಿಗೆ ಹೇಳಿದೀನಿ, ನಾಳೆ ಓದ್ತೀನಿ' ಅಂದ."

* * *

ಹತ್ತಕ್ಕೆ ಗಿರಾಕಿ ಬಂದ. ಹಲ್ಲಿನ ಡಾಕ್ಟರು. ಒಳಬಾಗಿಲಿನ ಆಚೆ ಅನಾಹುತವಾಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಮೂರು ತಿಂಗಳಿಂದ ನಿದ್ದೆಯಿಲ್ಲ ಮೇಡಂ," ಅಂದ. "ಆ ನೀಲಿ ನೋಡಿ. ಒಂಬತ್ತು ಸಾವಿರ ಕಿಲೋಮೀಟರು ಓಡಿದೆ. ಬೆಲೆ ಕೇಳಿದ್ರೆ ನನ್ನ ಹಲ್ಲೇ ಅಲ್ಲಾಡತ್ತೆ. ಈ ಕೆಂಪು ಅದೇ ಮಾಡೆಲ್ಲು, ಅದೇ ವರ್ಷ. ನಲವತ್ತೊಂದು ಸಾವಿರ ಓಡಿದೆ, ಅದಕ್ಕೇ ಅರ್ಧ ಬೆಲೆ. ನನ್ನ ಹೆಂಡತಿ ನೀಲಿ ಅಂತಾಳೆ. ನಾನು ಕೆಂಪು ಅಂತೀನಿ. ನಿಂತೇ ಇದ್ದ ಕಾರಿನ ರಬ್ಬರು ಒಣಗಿರತ್ತೆ, ಓಡಿದ ಕಾರೇ ಗಟ್ಟಿ. ಅಲ್ವಾ? ಮತ್ತೆ ಇಷ್ಟು ಓಡಿದ ಕಾರು ಇಷ್ಟು ಚೆನ್ನಾಗಿರೋದು ನಾನು ಕಂಡೇ ಇಲ್ಲ!"

ಅವಳು ಕೆಂಪು ಕಾರಿನ ಬಾಗಿಲು ತೆಗೆದು ಬಗ್ಗಿದಳು. ಸೀಟಿನ ಚರ್ಮ ಒಂದು ಕಡೆ ಉಜ್ಜಿದ ಹಾಗೆ ಸವೆದಿತ್ತು. ಪೆಡಲ್ಲುಗಳ ರಬ್ಬರಿನ ಗೆರೆ ಮಾತ್ರ ಚೂಪಾಗಿತ್ತು, ನಿನ್ನೆ ಹಾಕಿದಂತೆ.

ಅಪ್ಪ ಹೇಳುತ್ತಿದ್ದ ಮಾತು: ಮೀಟರಿನ ಬಾಯಿಗೆ ಬೀಗ ಹಾಕಬಹುದು, ಪೆಡಲ್ಲಿನ ಬಾಯಿಗೆ ಹಾಕೋಕಾಗಲ್ಲ. ಹೆಚ್ಚು ಓಡಿದ ಗಾಡಿಗೆ ಹೊಸ ರಬ್ಬರು ಹಾಕಿ, ಮೀಟರನ್ನು ಹಿಂದಕ್ಕೆ ತಿರುಗಿಸುವುದು ಹಳೆಯ ಆಟ.

ಸಿಕ್ಕಿತು ಎಂದುಕೊಂಡಳು. ಧಣಿಯನ್ನು ಮೂಲೆಗೆ ಕರೆದಳು.

"ಮೀಟರ್ ಎಷ್ಟು ಹಿಂದಕ್ಕೆ ತಿರುಗಿಸಿದ್ರಿ? ಮುದುಕನಿಗೆ ಗೊತ್ತಾಯ್ತಾ?"

ಧಣಿಯ ಮುಖ ಕೆಂಪಾಯಿತು. ಹೆದರಿಕೆಯಿಂದಲ್ಲ, ಅವಮಾನದಿಂದ.

"ಮೇಡಂ, ನಾನು ದೇವರಂಥವನಲ್ಲ. ಆದ್ರೆ ಪೆದ್ದನೂ ಅಲ್ಲ. ತಿರುಗಿಸೋನಾಗಿದ್ರೆ ಹತ್ತು ಸಾವಿರಕ್ಕೆ ನಿಲ್ಲಿಸಿ ಎರಡರಷ್ಟು ಬೆಲೆ ಕೇಳ್ತಿದ್ದೆ. ನಲವತ್ತೊಂದಕ್ಕೆ ಯಾವ ಮೂರ್ಖ ನಿಲ್ಲಿಸ್ತಾನೆ? ಆ ಕಾರು ಹುಡುಕಿ ತಂದವನು ನನ್ನ ಭಾವಮೈದ. ಇಷ್ಟೊಂದು ಓಡಿದ್ದು ಯಾಕೆ ತಂದೆ ಅಂತ ನಾನೇ ಬೈದಿದ್ದೆ."

ಮಾತು ನಿಜ. ಅವಳು ಕಟ್ಟಿದ ಗೋಡೆ ಅಲ್ಲೇ ಕುಸಿಯಿತು. ಗಡಿಯಾರ ನೋಡಿದಳು. ಹನ್ನೊಂದೂ ಕಾಲು. ಫೋನು ಮತ್ತೆ ನಡುಗಿತು. ಎತ್ತಲಿಲ್ಲ.

* * *

ಗೇಟಿನ ಕಾವಲುಗಾರನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಕಾರನ್ನು ಎತ್ತಿದವರಲ್ಲಿ ಅವನೂ ಒಬ್ಬ.

"ನಮ್ಮ ಮ್ಯಾನೇಜರ್ ಸಾಹೇಬ್ರು ಇಲ್ದಿದ್ರೆ ಕಾರು ಎತ್ತೋಕೇ ಆಗ್ತಿರ್ಲಿಲ್ಲ ಮೇಡಂ," ಅಂದ. ನಿಷ್ಠೆ ತೋರಿಸುವ ಆತುರ ಅವನಿಗೆ. "ಜಾಕಿಗೆ ಹಿಡೀನೇ ಇರ್ಲಿಲ್ಲ. ಧಣೀರು, ನಾನು, ನೆಲ ತೊಳೆಯೋಳು, ಮೂರೂ ಜನ ಹುಡುಕಿದ್ವಿ. ಸಾಹೇಬ್ರು ಬಂದೋರೇ ಟೈರುಗಳ ಹಿಂದಿಂದ ತೆಗೆದುಕೊಟ್ರು."

ಅವಳ ಓಡಾಟ ನಿಂತಿತು. ಬೆಳಗಿನಿಂದ ಮೊದಲ ಸಲ.

"ಗೇಟಿಂದ ಬಂದ್ರಾ?"

"ಗೇಟಲ್ಲಿ ನಾನು ನೋಡ್ಲಿಲ್ಲ ಮೇಡಂ. ಹಿಂದಿನ ಶಟರಿಂದ ಬಂದಿರಬೇಕು. ಬೀಗದ ಕೈ ಅವರ ಹತ್ರಾನೇ ಇರೋದು."

ಅವಳು ಮೂರನೇ ಗೂಡಿಗೆ ಓಡಿದಳು. ಬಕೆಟ್ಟಿನ ಮುಂದೆ ಮೊಣಕಾಲೂರಿದಳು.

"ಮಾವ ಜಾಕ್ ಹಾಕಿದ ಮೇಲೆ ಹಿಡಿ ಏನು ಮಾಡ್ತಿದ್ದ?"

"ಕಳಚಿ ಜೊತೇಲೇ ಒಳಗೆ ಒಯ್ತಿದ್ದ. ತೊಡೆ ಪಕ್ಕ ಇಟ್ಕೊಂತಿದ್ದ. 'ಹಿಡಿ ನನ್ನ ಹತ್ರ ಇದ್ರೆ ಜೀವ ನನ್ನ ಹತ್ರ' ಅನ್ನೋನು."

"ಈ ಅಂಕಿ? ನೆಲ ತೊಳೆದವಳು ಇದನ್ನ ಯಾಕೆ ಬಿಟ್ಟೆ?"

"ತೊಳಿ ತೊಳಿ ಅಂತ ಧಣಿ ಕೂಗಾಡಿದ್ರು. ಕೈ ತಾನಾಗೇ ಸುತ್ತಿ ಹೋಯ್ತು. ಆರು ವರ್ಷದ ಅಭ್ಯಾಸ. ಕಾರು ಹೋಗೋ ತನಕ ಮಾವನ ಅಂಕಿ ನಾನು ಮುಟ್ಟಲ್ಲ." ಅವಳು ಕಣ್ಣೊರೆಸಿಕೊಂಡಳು. "ಬಂದ ಪ್ರತಿ ಕಾರಿಗೂ ಎರಡು ಬರೀತಿದ್ದ. ಮೇಲಿಂದು ಮೀಟರ್ ಹೇಳೋದು. ಕೆಳಗಿಂದು ಕಾರಿನ ಮೈ ಹೇಳೋದು. ಸೀಟು, ಪೆಡಲ್ಲು, ಬೋಲ್ಟು ಎಲ್ಲ ಮುಟ್ಟಿ ನೋಡಿ ಲೆಕ್ಕ ಹಾಕೋನು. ಎಲ್ಲ ಸಾವಿರದಲ್ಲಿ."

"ಕೆಳಗಿಂದು ಆರು."

"ಅದೇ ನಂಗೂ ಆಶ್ಚರ್ಯ ಆಗಿತ್ತು! ಯಾವಾಗ್ಲೂ ಕೆಳಗಿಂದೇ ದೊಡ್ಡದಿರತ್ತೆ. ಇದೊಂದೇ ಚಿಕ್ಕದು. 'ಮುದುಕನ ವೇಷ ಹಾಕಿದ ಹುಡುಗ ಇವನು' ಅಂತ ನಕ್ಕ. ಆ ಸೀಟೂ ಅಷ್ಟೇ ಮೇಡಂ, ನಾನೇ ಒರೆಸೋದು. ಇಂಥ ತಗ್ಗು ಕಾರಲ್ಲಿ ಇಳಿಯೋವಾಗ ಬಾಗಿಲ ಕಡೆ ಚರ್ಮ ಸವೀಬೇಕು. ಇದು ಒಳಗಡೆ ಸವೆದಿದೆ. ಅತ್ತ ಕಡೆಯಿಂದ ಕೈ ಚಾಚಿ ಯಾರೋ ಉಜ್ಜಿದ ಹಾಗೆ."

ಸಬ್ ಇನ್‌ಸ್ಪೆಕ್ಟರ್ ಗೋಡೆ ನೋಡಿದಳು. ಒಂದು ಗೇಣು.

ಆಮೇಲೆ ಶೋರೂಮಿಗೆ ಹೋಗಿ, ಬಿಳಿ ನೆಲದ ಮೇಲೆ ಸಮವಸ್ತ್ರದಲ್ಲೇ ಅಂಗಾತ ಮಲಗಿ, ಟಾರ್ಚು ಬಿಟ್ಟು ಕೆಂಪು ಕಾರಿನ ಹೊಟ್ಟೆಯಡಿಯ ನಂಬರನ್ನು ಓದಿದಳು. ಠಾಣೆಗೆ ಕಳಿಸಿದಳು. ಉತ್ತರ ಬರಲು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ಅವಳು ಒಂದು ಲೋಟ ನೀರನ್ನೂ ಪೂರ್ತಿ ಕುಡಿಯಲಿಲ್ಲ.

* * *

ಎರಡೂವರೆಗೆ ಎಲ್ಲರನ್ನೂ ಮೂರನೇ ಗೂಡಿಗೆ ಕರೆಸಿದಳು. ಡಾಕ್ಟರನ್ನೂ. ಮ್ಯಾನೇಜರ್ ಹೊಸಿಲಲ್ಲೇ ನಿಂತ.

"ಒಳಗೆ ಬನ್ನಿ. ಶೂ ಆಮೇಲೆ ತೊಳ್ಕೋಬಹುದು."

ಅವನು ಬಂದ.

"ಬಕೆಟ್ ಗಾಡಿ ಜಾಕಿನ ಹಿಡಿಗೆ ತಗುಲಿತು ಅಂದ್ರಿ. ಆದ್ರೆ ಕಾರು ಎತ್ತೋಕೆ ಹೋದಾಗ ಜಾಕಲ್ಲಿ ಹಿಡೀನೇ ಇರ್ಲಿಲ್ಲ. ತಗುಲಿದ ಹಿಡಿ ಎದ್ದು ನಡ್ಕೊಂಡು ಹೋಗಿ ಟೈರ್ ಹಿಂದೆ ಕೂತ್ಕೊಂಡಿತ್ತಾ? ಮೂರು ಜನ ಹುಡುಕಿದ್ರೂ ಸಿಗದೇ ಇದ್ದದ್ದು ನಿಮಗೆ ಬಂದ ಕೂಡ್ಲೇ ಹೇಗೆ ಸಿಕ್ತು? ಕಾಲೇ ಇಡದ ವರ್ಕ್‌ಶಾಪಲ್ಲಿ?"

"ಅದು... ಕಣ್ಣಿಗೆ ಬಿತ್ತು."

"ಬೀಳದೆ ಏನು, ಇಟ್ಟೋರು ನೀವೇ. ಮುದುಕ ಹಿಡೀನ ಕಳಚಿ ಒಳಗೆ ಒಯ್ಯೋನು. ಹಾಗಾದ್ರೆ ಅದು ಹೊರಗೆ ಬಂದಿದ್ದು ಹೇಗೆ? ಕೇಳಿದ್ರೆ ಮಾತ್ರ. 'ಮಾವ, ಪಕ್ಕದ ಕಾರಿಗೆ ಬೇಕು, ಹಿಡಿ ಕೊಡಿ' ಅಂದ್ರಾ? ಅವನು ಪಾಪ ಒಳಗಿಂದಾನೇ ಚಾಚಿದ. ನೀವು ಅದನ್ನೇ ಸಿಕ್ಕಿಸಿ ತಿರುಗಿಸಿದ್ರಿ."

ತಗಡಿನ ಮಾಡು ಬಿಸಿಲಿಗೆ ಚಟಚಟ ಎಂದಿತು. ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದ.

"ನಾನ್ಯಾಕೆ ಮಾಡ್ಲಿ? ಆ ಕಾರಿನ ಮೀಟರ್ ನಾನೇನು ಮುಟ್ಟಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಮುಂದೆ ಮೀಟರಿನ ಮಾತು ಅವಳಿನ್ನೂ ಎತ್ತಿಯೇ ಇರಲಿಲ್ಲ.

"ಎಲ್ಲರೂ ಮೀಟರನ್ನ ಹಿಂದಕ್ಕೆ ತಿರುಗಿಸ್ತಾರೆ. ಬೆಲೆ ಏರ್ಲಿ ಅಂತ," ಅಂದಳು. "ನಾನೂ ಅದನ್ನೇ ನಂಬಿ ಅರ್ಧ ದಿನ ಹಾಳು ಮಾಡ್ದೆ. ನೀವು ಮುಂದಕ್ಕೆ ತಿರುಗಿಸಿದ್ರಿ. ತನ್ನ ಮಾಲಿನ ಬೆಲೆ ತಾನೇ ಇಳಿಸೋನು ಯಾರು? ಆ ಮಾಲು ಬಿಟ್ಟಿಯಾಗಿ ಸಿಕ್ಕೋನು. ಎಂಟು ತಿಂಗಳ ಹಿಂದೆ ಬೇರೆ ಊರಲ್ಲಿ ಈ ಕಾರು ಕಳುವಾಗಿದೆ. ಅಡಿಯ ನಂಬರು ಹೇಳ್ತು. ಕೊನೇ ಸರ್ವೀಸಲ್ಲಿ ಆರು ಸಾವಿರ ಓಡಿತ್ತು. ನೀವು ಕೊಟ್ಟ ಕಾಗದ ಪತ್ರ ಇನ್ನೊಂದು ಕೆಂಪು ಕಾರಿಂದು. ಅಪಘಾತದಲ್ಲಿ ಜಜ್ಜಿಹೋಗಿ ಗುಜರಿಗೆ ಬಿದ್ದಿದ್ದು. ಅದು ನಲವತ್ತೊಂದು ಸಾವಿರ ಓಡಿತ್ತು. ಕಾಗದಕ್ಕೆ ಹೊಂದ್ಲಿ ಅಂತ ಮೀಟರ್ ಏರಿಸಿದ್ರಿ. ಸೀಟು ಹಳೇದು ಕಾಣ್ಲಿ ಅಂತ ಈ ಗೂಡಿಗೆ ಬೀಗ ಹಾಕ್ಕೊಂಡು ಉಜ್ಜಿದ್ರಿ. ಡ್ರೈವರ್ ಬಾಗಿಲು ಗೋಡೆಗೆ ಒತ್ತಿತ್ತು. ಇನ್ನೊಂದು ಬಾಗಿಲಿಂದ ಕೈ ಚಾಚಿದ್ರಿ, ತಪ್ಪು ಮಗ್ಗುಲು ಉಜ್ಜಿದ್ರಿ. ಪೆಡಲ್ಲು ಮರೆತೇಬಿಟ್ರಿ. ಬಗ್ಗಬೇಕಲ್ಲ, ಶರ್ಟು ಕೊಳೆಯಾಗತ್ತೆ."

ಡಾಕ್ಟರು ತನ್ನ ಕೆನ್ನೆ ಹಿಡಿದುಕೊಂಡ, ಹಲ್ಲು ನೋವು ಬಂದವನಂತೆ.

"ನಿನ್ನೆ ಸಂಜೆ ಮುದುಕ ನಿಮಗೇ ಬಂದು ಹೇಳಿದ. ನೀವು ಒಳ್ಳೆಯವರು ಅಂತ ನಂಬಿ. 'ಸಾಹೇಬ್ರೆ, ಈ ಕಾರಿನ ಮೈಗೂ ಮೀಟರಿಗೂ ಹೊಂದ್ತಿಲ್ಲ, ನಾಳೆ ನಂಬರ್ ಓದ್ತೀನಿ.' ಅಷ್ಟೇ ಅವನ ತಪ್ಪು."

ಮ್ಯಾನೇಜರ್ ಭಾವನ ಮುಖ ನೋಡಿದ. "ಭಾವ, ನಾನು ಹೆದರಿಸೋಣ ಅಂತ ಅಷ್ಟೇ... ಸ್ವಲ್ಪ ಇಳಿಸೋಣ ಅಂತ..."

ಮಿಕ್ಕಿದ್ದನ್ನು ಅವನು ಹೇಳಬೇಕಾಗಿರಲಿಲ್ಲ. ಕಾನ್‌ಸ್ಟೇಬಲ್ ಅವನ ಕೈಗೆ ಬೇಡಿ ಹಾಕಿದ. ಬಿಳಿ ಶೂಗಳು ಎಣ್ಣೆಯಲ್ಲಿ ಒಂದೆರಡು ಹೆಜ್ಜೆ ಜಾರಿದವು.

* * *

ಧಣಿ ಅವಳನ್ನು ಪಕ್ಕಕ್ಕೆ ಕರೆದ. ಬೆವರು ಒರೆಸಿಕೊಂಡ.

"ಅವನ ಪಾಪ ಅವನಿಗೆ. ಆದ್ರೆ ಮೇಡಂ, ಆ ಕಾರು ಒರೆಸಿದ್ದು, ಫೋನ್ ತಡ ಆಗಿದ್ದು ವರದೀಲಿ ಬೇಡ. ನಿಮ್ಮ ಸಾಹೇಬ್ರ ಹತ್ರ ಮಾತಾಡಿದೀನಿ."

ಅವಳು ನೋಟ್‌ಬುಕ್ ತಿರುಗಿಸಿ ಅವನಿಗೇ ತೋರಿಸಿದಳು. ಮೊದಲ ಸಾಲಿನಲ್ಲೇ ಇತ್ತು: ಹದಿನಾಲ್ಕು ನಿಮಿಷ. ಅದರ ಕೆಳಗೆ: ಸ್ಟ್ಯಾಂಡು ಮೂರು ಸಲ ಕೇಳಿದ್ದ.

ಧಣಿ ಏನು ಮಾಡುವುದೆಂದು ತೋಚದೆ ಅತ್ತಿತ್ತ ನೋಡಿದ. ತನ್ನ ಮಾತು ಇನ್ನೂ ನಡೆಯುವ ಜಾಗ ಒಂದೇ ಉಳಿದಿತ್ತು. ನೆಲ ತೊಳೆಯುವವಳ ಕಡೆ ತಿರುಗಿದ. ಕಾಲಲ್ಲಿ ಬಕೆಟ್ ತಳ್ಳಿದ. ಅದು ಸೀಮೆಸುಣ್ಣದ ಅಂಕಿಯ ಹತ್ತಿರ ಹೋಗಿ ನಿಂತಿತು.

"ಆಯ್ತಲ್ಲ, ನಿನ್ನ ಮೇಲೇನೂ ಇಲ್ಲ ಅಂದ್ರಲ್ಲ. ಏನು ನೋಡ್ತಾ ನಿಂತಿದೀಯ? ಆ ಕಲೆ, ಆ ಗೀಚಿದ್ದು, ಎಲ್ಲಾ ತೊಳಿ. ನಾಳೆ ಗಿರಾಕಿಗಳು ಬರ್ತಾರೆ."

ನೆಲ ತೊಳೆಯುವವಳು ಗಡಿಯಾರ ನೋಡಿದಳು. ಮೂರು ಗಂಟೆ ಹತ್ತು. ಸ್ಕೂಲಿಗೆ ಇಪ್ಪತ್ತು ನಿಮಿಷದ ದಾರಿ. ಬೆಳಗಿನಿಂದ ಹಿಂಡುತ್ತಿದ್ದ ಬಟ್ಟೆಯನ್ನು ಬಿಡಿಸಿದಳು. ಮಡಚಿದಳು. ಅಂಕಿಗೆ ತಾಗದ ಹಾಗೆ ಬಕೆಟ್ಟಿನ ಅಂಚಿಗೆ ಹಾಕಿದಳು.

"ತೊಳೆಯಲ್ಲ," ಅಂದಳು.