ನಮ್ಮನೆ ದಾಸವಾಳ

"ಇದು ಟ್ರೇಸ್ ಮಾಡಿದ್ದು ತಾನೆ? ನಿಜ ಹೇಳು," ಎಂದು ಶಶಿರೇಖ ಮಿಸ್ ಲಿಖಿತಳ ಚಿತ್ರವನ್ನು ಕಿಟಕಿಗೆ ಹಿಡಿದರು. ಬಿಸಿಲು ಬಿದ್ದು ಕೆಂಪು ದಾಸವಾಳ ಝಗ್ಗನೆ ಹೊಳೆಯಿತು. ಮಿಸ್ ಹೂವನ್ನು ನೋಡಲೇ ಇಲ್ಲ. ಕಾಗದದ ಆಚೆ ಕಾಣುತ್ತಿದ್ದ ತಮ್ಮ ಬೆರಳುಗಳನ್ನೇ ನೋಡಿದರು.

"ಇಲ್ಲ ಮಿಸ್. ನಮ್ಮನೆ ಗಿಡದ ಹೂವು. ನೋಡ್ಕೊಂಡೇ ಬರ್ದೆ."

"ಮತ್ತೆ ಡ್ರಾಯಿಂಗ್ ಶೀಟ್ ಬಿಟ್ಟು ಬಟರ್ ಪೇಪರ್ ಯಾಕೆ?"

ಯಾಕೆ ಅಂದರೆ ಏನು ಹೇಳುವುದು? ಬಂಗಾರಪೇಟೆಯ ಬೇಕರಿಯಲ್ಲಿ ಕೆಲಸ ಮಾಡುವ ಅಪ್ಪ, ಶೀಟಿನ ಬದಲು ಕೇಕಿನ ಟ್ರೇಗೆ ಹಾಸುವ ಆ ಕಾಗದವನ್ನೇ ತಂದುಕೊಟ್ಟಿದ್ದರು. ಅದರ ಮೇಲೆ ಬಣ್ಣ ನಿಲ್ಲದೆ ಹನಿಹನಿಯಾಗಿ ಜಾರಿಹೋಗುತ್ತಿತ್ತು. ಬ್ರಷ್ಷನ್ನು ಸೋಪಿಗೆ ತಿಕ್ಕಿ ಬಣ್ಣಕ್ಕೆ ಅದ್ದಿದಾಗ ನಿಂತಿತು! ಲಿಖಿತ ಕುಣಿದಾಡಿಬಿಟ್ಟಿದ್ದಳು. ಎಸಳಿನಲ್ಲಿ ಹುಳ ತಿಂದ ತೂತನ್ನೂ ಬಿಡದೆ ಬರೆದಿದ್ದಳು.

"ಮೀನಾನ ಕೇಳಿ ಮಿಸ್! ನಿನ್ನೆ ನನ್ ಪಕ್ಕದಲ್ಲೇ ಕೂತಿದ್ಲು."

ಅವರಿಬ್ಬರದೂ ಅಕ್ಕಪಕ್ಕದ ಮನೆ. ಮೀನಾ ಎದ್ದು ನಿಂತು ನೆಲ ನೋಡಿದಳು.

"ನಾನು ನೋಡ್ಲಿಲ್ಲ ಮಿಸ್."

ಕ್ಲಾಸೆಲ್ಲ ಗೊಳ್ ಎಂದಿತು. ಚಿತ್ರಕಲಾ ಸ್ಪರ್ಧೆಗೆ ಕಳಿಸಲು ಮೀನಾ ಬರೆದ ಗುಲಾಬಿ ಆಯ್ಕೆಯಾಯಿತು.

ಊಟದ ಬೆಲ್ ಹೊಡೆದು ಎಲ್ಲರೂ ತಟ್ಟೆ ಹಿಡಿದು ಓಡಿದರು. ಲಿಖಿತ ಮಾತ್ರ ಮೇಜಿನ ಮೇಲಿದ್ದ ಗುಲಾಬಿಯ ಹತ್ತಿರ ಹೋದಳು. ಮೆಲ್ಲಗೆ ಬೆರಳಾಡಿಸಿದಳು. ಬಣ್ಣದ ಕೆಳಗೆ ಗೆರೆಗಳೆಲ್ಲ ಗೀರಿದಂತೆ ಒಳಗಿಳಿದಿದ್ದವು. ಮೂಲೆಯಲ್ಲಿ ಕಾರ್ಬನ್ ಪೇಪರಿನ ನೀಲಿ ಕಲೆಯಿತ್ತು. ಟ್ರೇಸ್ ಮಾಡಿದ್ದು ಇದು!

ಬಾಗಿಲಲ್ಲಿ ಮೀನಾ ನಿಂತಿದ್ದಳು.

"ಮಿಸ್‌ಗೆ ಏಳ್ಬ್ಯಾಡ ಕಣೇ. ನೀನೇ ಬರ್ದಿದ್ದು ಅಂದಿದ್ರೆ, 'ನಿಂದು ತೋರ್ಸು' ಅಂತ ಮಿಸ್ ನಂದೂ ಚೆಕ್ ಮಾಡ್ತಿದ್ರು. ಭಯ ಆಯ್ತು."

"ನನ್ನ ಕಳ್ಳಿ ಮಾಡ್ದಾಗ ಭಯ ಆಗ್ಲಿಲ್ವಾ?"

ಲಿಖಿತ ಧಡಧಡ ಸ್ಟಾಫ್ ರೂಮಿನವರೆಗೆ ಹೋದಳು. ಬಾಗಿಲ ಹತ್ತಿರ ಕಾಲು ನಿಂತಿತು. ಹೇಳಬಹುದು. ಆದರೆ ಇವತ್ತು ತಾನು ಏನು ಹೇಳಿದರೂ ಅದು ಹೊಟ್ಟೆಕಿಚ್ಚಿನ ಮಾತಾಗುತ್ತದೆ. ಅದು ಗೊತ್ತಾದಾಗ ಅವಳಿಗೆ ಅಳುವೂ ಬರಲಿಲ್ಲ. ಹಾಗೇ ತಿರುಗಿ ಬಂದಳು.

ಸಂಜೆ ಗೇಟಿನ ಹತ್ತಿರ ಮೀನಾ ಎಂದಿನಂತೆ ಕಾದಿದ್ದಳು.

"ಬಾರೇ, ಓಗಾನ."

"ನೀನ್ ಓಗು," ಎಂದಳು ಲಿಖಿತ. "ನಾನು ಆಮೇಲೆ ಬತ್ತೀನಿ."

ಇಬ್ಬರದೂ ಒಂದೇ ದಾರಿ. ಆದರೂ ಮೀನಾ ತಿರುವು ದಾಟಿ ಕಾಣದಾಗುವವರೆಗೂ ಲಿಖಿತ ಗೇಟು ಬಿಟ್ಟು ಕದಲಲಿಲ್ಲ.